ಎಣಿಸಿದ ರೊಟ್ಟಿ

ಏಕನಾಥನ ರೆಪ್ಪೆಗಳ ಮೇಲೂ ಹಿಟ್ಟು ಕೂತಿದೆ, ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ, ಕಣ್ಣು ಮಿಟುಕಿಸಿದರೆ ಒಂದಿಷ್ಟು ಉದುರಬೇಕು, ಉದುರುವುದಿಲ್ಲ, ಅಂಟಿಕೊಂಡೇ ಇರುತ್ತದೆ — ದಾಪೋಡಿಯ ಅರ್ಧ ಮಂದಿಯ ಮನೆಯ ಕಾಳು ದಿನಾ ಇವನ ಮೈಮೇಲೆ ಇಷ್ಟಿಷ್ಟು ಬಂದು ಕೂರುತ್ತದೆ, ಗೋಧಿಯೋ ಜೋಳವೋ ಸಜ್ಜೆಯೋ, ಮುಖದ ಮೇಲೆ ಬಿದ್ದ ಮೇಲೆ ಎಲ್ಲ ಒಂದೇ ಬಿಳಿ. ಗಿರಣಿಯ ಪಟ್ಟಾ ಪಟಪಟನೆ ಹೊಡೆದುಕೊಳ್ಳುತ್ತಿದೆ, ಈ ಸದ್ದಿನೊಳಗೆ ಯಾರೂ ಯಾರನ್ನೂ ಏನೂ ಕೇಳಲಾರರು, ಆದರೆ ಕೇಳುವುದನ್ನು ಅವನು ಸದ್ದು ಶುರುವಾಗುವ ಮೊದಲೇ ಕೇಳಿಬಿಟ್ಟಿದ್ದ, ನನ್ನ ಡಬ್ಬಿಯನ್ನು ಎತ್ತಿ ತಕ್ಕಡಿಯ ಮೇಲಿಟ್ಟು ಒಳಗೆ ಇಣುಕಿ, ವಹಿನಿ, ಯಾ ವೇಳೀ ಕಮೀ ಆಹೆ, ಆಜೀ ಗಾವಾಲಾ ಗೆಲ್ಯಾ ಕಾ, ಅಂದ. ಈ ಸಲ ಕಡಿಮೆ ಇದೆ ಅತ್ತಿಗೆ, ಅಜ್ಜಿ ಊರಿಗೆ ಹೋದರೇನು — ಅಷ್ಟೇ, ಬೇಕೆಂದು ಕೇಳಿದ್ದಲ್ಲ, ತಕ್ಕಡಿಯ ಅಂಕಿ ನಿಲ್ಲುವವರೆಗೆ ಏನಾದರೂ ಆಡಬೇಕಲ್ಲ ಎಂದು ಆಡಿದ ಮಾತು. ನಾನು ಹೌದು ಅಂದೆ. ಹೋ, ಗೆಲ್ಯಾ. ತಡವರಿಸಲಿಲ್ಲ, ಉಗುಳು ನುಂಗಲಿಲ್ಲ, ಮನೆಯ ಹೊಸ್ತಿಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುವ ಅತ್ತೆಯನ್ನು ನಿಂತ ನಿಲುವಿನಲ್ಲೇ ಬಸ್ಸು ಹತ್ತಿಸಿ ಆಳಂದಕ್ಕೆ ಕಳಿಸಿಬಿಟ್ಟೆ.

ಯಾಕೆ ಹಾಗಂದೆ. ಮನೆಯಲ್ಲೇ ಇದ್ದಾರೆ ಅಂದಿದ್ದರೆ ಏನಾಗುತ್ತಿತ್ತು, ಮತ್ತೆ ಕಾಳು ಯಾಕೆ ಕಡಿಮೆ ಎಂದು ಅವನೇನು ಕೂತು ವಿಚಾರಣೆ ಮಾಡುತ್ತಿದ್ದನೇ, ಇಷ್ಟೊಂದು ಡಬ್ಬಿಗಳು ಸಾಲು ಹಚ್ಚಿರುವಾಗ. ಆದರೆ ಇದ್ದಾರೆ ಅಂದರೆ, ಇದ್ದೂ ಉಣ್ಣುತ್ತಿಲ್ಲ ಎಂದು ನನ್ನೊಳಗೇ ಯಾರೋ ಮುಂದಿನ ಮಾತು ಆಡುತ್ತಿದ್ದರು, ಅದಕ್ಕೇ ಮೊದಲನೆಯ ಮಾತನ್ನೇ ತಿರುವಿದೆ. ಮೊದಲೆಲ್ಲ ಜೋಳ ಈ ಡಬ್ಬಿಯ ಕಂಠದವರೆಗೆ ಇರುತ್ತಿತ್ತು, ಮುಚ್ಚಳ ಒತ್ತಿದರೆ ಒಂದೆರಡು ಕಾಳು ಹೊರಗೆ ಹಾರುತ್ತಿದ್ದವು, ಅತ್ತೆ ಅವನ್ನು ಆರಿಸಿ ಕಿಟಕಿಯ ಮೇಲೆ ಗುಬ್ಬಿಗೆ ಇಡುತ್ತಿದ್ದರು, ಈಗ ಕೈ ಇಳಿಸಿದರೆ ಮಣಿಕಟ್ಟು ಮುಳುಗಿದ ಮೇಲೆ ಕಾಳು ಸಿಗುತ್ತದೆ. ಗುಬ್ಬಿಗಳೂ ಈಗ ಬರುವುದಿಲ್ಲ, ಬರುತ್ತವೋ ಏನೋ, ನಾನು ನೋಡುವುದಿಲ್ಲ. ದಸರೆ ಆದ ಮೇಲೆ ನಮ್ಮ ಮನೆಯವರು ದುಡಿಯುವ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತು, ಪಗಾರದ ಮೂರರಲ್ಲಿ ಒಂದು ಪಾಲು ಹಾಗೇ ಉದುರಿ ಹೋಯಿತು, ಮನೆಯ ಬಾಡಿಗೆ ಉದುರಲಿಲ್ಲ, ಮಗಳು ಸ್ನೇಹಲ್‌ಳ ಹತ್ತನೆಯ ಇಯತ್ತೆಯ ಟ್ಯೂಶನ್ ಕ್ಲಾಸಿನ ಫೀ ಉದುರಲಿಲ್ಲ, ಉದುರಬಹುದಾದದ್ದು ಅಡಿಗೆ ಮನೆಯ ಡಬ್ಬಿಗಳಲ್ಲಿ ಮಾತ್ರ ಇತ್ತು. ಮೊದಲು ಶೇಂಗಾ ಹೋಯಿತು, ಆಮೇಲೆ ತೊಗರಿಬೇಳೆಯ ಅರ್ಧ ಜಾಗಕ್ಕೆ ಮಸೂರ ಬೇಳೆ ಬಂತು, ಎಣ್ಣೆ ಸೌಟಿನಿಂದ ಚಮಚಕ್ಕಿಳಿಯಿತು, ಹಾಲಿನ ಚೀಲ ಎರಡಿದ್ದದ್ದು ಒಂದಾಯಿತು. ಮಾಲದಂಡಿ ಜೋಳ ಬಿಟ್ಟು ಕಿಶೋರನ ಅಂಗಡಿಯಲ್ಲಿ ಅಗ್ಗದ ಜೋಳ ತಂದ ದಿನ ಅತ್ತೆ ಮೊದಲ ತುತ್ತಿಗೇ ಒಂದು ಗಳಿಗೆ ನಿಂತರು, ಗೊತ್ತಾಯಿತು ಅವರಿಗೆ, ಜೋಳದಲ್ಲೇ ಹುಟ್ಟಿ ಜೋಳದಲ್ಲೇ ಬೆಳೆದ ಬಾಯಿ, ಹಿಟ್ಟು ಬಿರಿತದಲ್ಲ, ಬಿಸಿನೀರು ಇನ್ನೊಂಚೂರು ಹೆಚ್ಚಿಗಿ ಹಾಕಿ ನಾದು, ಅಂದರು ಅಷ್ಟೇ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಜೋಳ ಬದಲಾಯಿಸಿದ್ದು ಪಾಪವಲ್ಲ, ಎಲ್ಲರೂ ಮಾಡುತ್ತಾರೆ, ಕಿಶೋರನೇ ಹೇಳಿದ, ಈ ಚಾಳಿನ, ವಠಾರದ ಅರ್ಧ ಮಂದಿ ಇದನ್ನೇ ಒಯ್ಯುತ್ತಾರೆ ಎಂದು. ಪಾಪ ಅಂದರೆ ಎಣಿಸಿದ್ದು. ಎಣಿಕೆ ನಾನು ಅಡಿಗೆ ಕೆಲಸಕ್ಕೆ ಹೋಗುವ ಮಾಧುರಿ ವಹಿನಿಯ ಮನೆಯಲ್ಲಿ ಕಲಿತದ್ದು, ಅಲ್ಲಿ ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲೇ ಅವರು ಒಳಗಿನಿಂದ ಕೂಗುತ್ತಾರೆ, ಅನಸೂಯಾ, ಆಜ ಚೌದಾ ಪೋಳ್ಯಾ, ಇವತ್ತು ಹದಿನಾಲ್ಕು ಚಪಾತಿ, ಇವತ್ತು ಸ್ವಪ್ನಿಲ್ ಊಟಕ್ಕಿಲ್ಲ ಹನ್ನೊಂದು, ಇವತ್ತು ಪಾಹುಣೇ, ನೆಂಟರಿದ್ದಾರೆ, ಇಪ್ಪತ್ತು. ಮೊದಮೊದಲು, ಹನ್ನೊಂದು ಮುಗಿದ ಮೇಲೂ ಹಸಿವು ಉಳಿದವರು ಏನು ಮಾಡುತ್ತಾರೆ ಅನಿಸುತ್ತಿತ್ತು, ಆಮೇಲೆ ಅದರ ಜಾಣತನ ಕಂಡಿತು, ಹಿಟ್ಟು ಮಿಗುವುದಿಲ್ಲ, ಮರುದಿನ ತಂಗಳು ಉಳಿಯುವುದಿಲ್ಲ, ತಿಂಗಳ ಕೊನೆಗೆ ಖಾಲಿ ಡಬ್ಬಿ ಮುಖಕ್ಕೆ ಬಡಿಯುವುದಿಲ್ಲ. ನಮ್ಮೂರಲ್ಲಿ ರೊಟ್ಟಿ ಎಣಿಸುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಬಡಿಯುವವಳು ಬಡಿಯುತ್ತಾಳೆ, ಬುಟ್ಟಿ ತುಂಬುತ್ತದೆ, ಎಷ್ಟಾದವು ಎಂದು ಕೇಳಿದ ಕೂಸಿನ ಬಾಯಿಗೆ ಮೆಲ್ಲಗೆ ಬೆರಳು ಇಡುತ್ತಾರೆ, ಅದರಲ್ಲೂ ಉಣ್ಣುವವರು ಕೂತಿದ್ದಾರೆಂದರೆ ಎಣಿಕೆಯ ಸೊಲ್ಲೇ ಇಲ್ಲ. ಅದು ಗೊತ್ತಿದ್ದೂ ಅವತ್ತು ಸಂಜೆ ಒಲೆಯ ಮುಂದೆ ಕೂತು ಬುಟ್ಟಿಗೆ ರೊಟ್ಟಿ ಇಡುತ್ತಾ, ಒಂದು, ಎರಡು, ಮೂರು, ಬಾಯಿ ತನ್ನಷ್ಟಕ್ಕೆ ಆಡುತ್ತಿತ್ತು, ಮಾಧುರಿ ವಹಿನಿಯ ಮನೆಯ ಬಾಯಿ, ಏಳು ಅಂದೆ, ತಿರುಗಿದೆ, ಅತ್ತೆ ತಾಟಿನ ಮುಂದೆ ಕೂತಿದ್ದರು, ಎರಡನೆಯ ರೊಟ್ಟಿಗೆಂದು ಬುಟ್ಟಿಯ ಕಡೆ ಬಂದಿದ್ದ ಅವರ ಕೈ ಅರ್ಧ ದಾರಿಯಲ್ಲಿತ್ತು. ಆ ಕೈ ಹಿಂದಕ್ಕೆ ಹೋಗಲಿಲ್ಲ, ಹೋಗಿದ್ದರೆ ನನಗೆ ಕಾಣುತ್ತಿತ್ತು ಎಂದು ಅವರಿಗೆ ಗೊತ್ತು, ಪಕ್ಕಕ್ಕೆ ಹೊರಳಿ ನೀರಿನ ತಂಬಿಗೆ ಹಿಡಿಯಿತು. ನೀರು ಕುಡಿದರು. ತಾಟಿನಲ್ಲೇ ಕೈ ತೊಳೆದರು. ಸಾಕಾತು ಯವ್ವಾ, ವಯಸ್ಸಾದ ಮ್ಯಾಲ ಎಲ್ಲಿ ಹೋಗ್ತದ ಹೊಟ್ಟಿಗಿ, ಅಂದರು.

ಮರುದಿನ ಸೋಮವಾರ. ಇವತ್ತ ನನಗ ಒಪ್ಪತ್ತು ಅನಸವ್ವಾ, ಸಂಜಿಗಿ ಅರ್ಧ ರೊಟ್ಟಿ ಸಾಕು. ಸೋಮವಾರ ಶಿವನದ್ದು, ಅದಕ್ಕೆ ಯಾರು ಏನನ್ನಬೇಕು. ಗುರುವಾರ ಗಾಣಗಾಪುರದ ದತ್ತನದ್ದು ಅಂದರು, ಅದೂ ಸರಿ, ನಮ್ಮ ಸೀಮೆಯ ದೇವರು. ಆಮೇಲೆ ಶನಿವಾರ ಹಣಮಂತದೇವರದ್ದಾಯಿತು. ರವಿವಾರ ಬಂದಾಗ ಸ್ನೇಹಲ್ ಪುಸ್ತಕದಿಂದ ತಲೆಯೆತ್ತಿ ಅಜ್ಜಿಯ ಕಡೆ ನೋಡಿ, ಆಯಿ, ನಿನಗ ಒಟ್ಟು ಎಷ್ಟು ದೇವರದಾರ, ಎಲ್ಲರಿಗೂ ಸೇರಿಸಿ ಒಂದ ದಿನ ಮುಗಿಸಿಬಿಡು, ಅಂದಳು, ನಾವೆಲ್ಲ ನಕ್ಕೆವು, ಅತ್ತೆಯೂ ನಕ್ಕರು, ಎರಡು ಹಲ್ಲು ಕಾಣುವಂತೆ, ನಕ್ಕು, ಇದು ಜೇಜೂರಿ ಖಂಡೋಬಾಂದು, ನೀ ಪಾಸಾಗಲಿ ಅಂತ ಹರಕಿ ಹೊತ್ತೀನಿ, ನಗಬ್ಯಾಡ, ನಕ್ಕರ ಗಣಿತದಾಗ ಹೋಗ್ತದ ನೋಡು, ಅಂದರು. ಮುಗಿಯಿತು. ನನ್ನ ಮಗಳ ಹೆಸರಿನ ಹರಕೆಯನ್ನು ನಾನು ಬಿಡಿಸಲೇ, ನಾಳೆ ಕೂಸಿಗೆ ಏನಾದರೂ ಆದರೆ, ಫಲಿತಾಂಶ ಹೆಚ್ಚುಕಡಿಮೆ ಆದರೆ — ಹೀಗೆ ನನಗೆ ನಾನೇ ಹೇಳಿಕೊಂಡೆ, ಎಷ್ಟು ಚೆನ್ನಾಗಿ ಹೇಳಿಕೊಂಡೆ, ಹೇಳಿಕೊಳ್ಳುತ್ತಾ ಒಳಗೆ ಎಲ್ಲೋ ತಣ್ಣಗಾಯಿತು. ಮನೆಯವರು ಮಾತ್ರ ಒಂದು ದಿನ, ಬರೇ ಚಹಾದ ಮ್ಯಾಲ ಇರ್ತಾಳಲ್ಲ, ಸಾಬೂದಾಣಿ ಖಿಚಡಿ ಮಾಡಿ ಕೊಡು, ಇಲ್ಲೆಲ್ಲಾರೂ ಅದನ್ನೇ ತಿಂತಾರ, ಅಂದರು. ಕಿಶೋರನನ್ನು ಕೇಳಿದೆ, ಖಿಚಡಿಗೆ ಸಬ್ಬಕ್ಕಿ, ಶೇಂಗಾ, ತುಪ್ಪ, ಒಂದು ದಿನದ ಉಪವಾಸಕ್ಕೆ ಎರಡು ದಿನದ ಊಟದ ಖರ್ಚು, ಅವನೂ ನಕ್ಕ, ಉಪವಾಸ ಶ್ರೀಮಂತರದ್ದು ವಹಿನಿ, ಬಡವರು ಉಣ್ಣುವುದೇ ಅಗ್ಗ ಎಂದ. ಪಾವು ಕಿಲೋ ಕಟ್ಟಿಸಿಕೊಂಡು ಬಂದೆ, ಅತ್ತೆ ಕೈಯಲ್ಲಿ ಹಿಡಿದು ನೋಡಿದರು, ಈ ಮುತ್ತು ತಿನ್ನೋ ಉಪಾಸ ಈ ಊರಾಗಿನವರದು, ನಮ್ಮ ದೇವರಿಗಿ ಚಹಾ ನಡೀತದ, ವಾಪಸ್ ಕೊಟ್ಟು ಬಾ, ಅಂದರು. ವಾಪಸ್ ಕೊಟ್ಟು ಬಂದೆ. ಅವರು ಎರಡನೆಯ ಸಲ ಹೇಳಬೇಕಾಗಲಿಲ್ಲ. ಒಂದು ಸಲವಾದರೂ, ಇಲ್ರಿ ಅತ್ತಿ, ತಂದದ್ದು ತಂದಾಗ್ಯಾದ, ಎಂದು ಒಲೆಯ ಮೇಲೆ ಬಾಣಲೆ ಇಡಬಹುದಿತ್ತಲ್ಲ, ಇಡಲಿಲ್ಲ, ಚೀಲ ಹಿಡಿದು ಓಣಿಯಲ್ಲಿ ಎಷ್ಟು ಬೇಗ ನಡೆದೆ.

ಗೋಧಿ ಮುಗಿಯಿತು, ಏಕನಾಥ ಜರಡಿ ಬಡಿಯುತ್ತಿದ್ದಾನೆ, ಇನ್ನು ಜೋಳದವರು. ನನಗಿಂತ ಮೊದಲು ಇನ್ನೊಂದು ಡಬ್ಬಿ ಇದೆ, ಅದು ತುಂಬಿದೆ, ಯಾರದೋ. ಮೊದಲು ಅತ್ತೆಯೂ ನನ್ನ ಜೊತೆ ಬರುತ್ತಿದ್ದರು, ಈ ಮೂಲೆಯ ಚೀಲದ ಮೇಲೆ ಕೂತು ಯಾರ ಹಿಟ್ಟು ಹೇಗೆ ಬಿತ್ತು ಎಂದು ನೋಡುವುದು ಅವರಿಗೊಂದು ಆಟ, ಏಕನಾಥನ ಜೊತೆ ನಮ್ಮ ಸೀಮೆಯ ಮರಾಠಿ ಆಡುವುದು, ಇವ ನಮ್ಮ ತಮ್ಮನ್ಹಂಗ ಇದ್ದಾನ ನೋಡು ಅನ್ನುವುದು. ಈಗ ಬರುವುದಿಲ್ಲ, ಮೊಣಕಾಲು ನೋಯುತ್ತದೆ ಅನ್ನುತ್ತಾರೆ, ಓಣಿ ದಾಟಿದರೆ ಗಿರಣಿ, ಮೊಣಕಾಲೋ ಅಥವಾ ಕಣ್ಣಿಗೆ ಕತ್ತಲೆಯೋ, ನಾನು ಕೇಳಿದೆನೇ. ಹೋದ ತಿಂಗಳು ಕಿಶೋರ ಎಂದಿನಂತೆ ನನ್ನ ಸಾಮಾನನ್ನು ಬಾಯಿಪಾಠ ಒಪ್ಪಿಸುತ್ತಿದ್ದ, ಸಕ್ಕರೆ, ಚಹಾ, ಬೇಳೆ, ಜೋಳ ಎಷ್ಟು, ಎಂದಿನಷ್ಟೇ ಅಲ್ಲವೇ ಅಂದ, ನನ್ನ ಬಾಯಿಗೆ ಬಂತು, ಎರಡು ಕಿಲೋ ಕಡಿಮೆ ಹಾಕು. ಅಲ್ಲಿಯವರೆಗೆ ಅದು ಅವರ ಉಪವಾಸವಾಗಿತ್ತು, ಅವರ ದೇವರು, ಅವರ ಹರಕೆ, ಆ ಒಂದು ಮಾತಿಗೆ ಅದು ನನ್ನ ಲೆಕ್ಕದೊಳಗೆ ಬಂದು ಕೂತಿತು, ಈಗ ಅವರು ಸೋಮವಾರ ಉಣ್ಣುತ್ತೇನೆ ಅಂದರೂ ಡಬ್ಬಿಯಲ್ಲಿ ಅವರ ಸೋಮವಾರದ ಕಾಳಿಲ್ಲ. ಉಳಿದ ಹಣ ಸ್ನೇಹಲ್‌ಳ ಕ್ಲಾಸಿಗೆ ಹೋಯಿತು, ಮನೆಯವರು, ನೀ ಇದ್ದಿ ಅಂತ ಈ ಮನಿ ನಡದದ, ಅಂದರು, ಯಾವತ್ತೂ ಹೊಗಳದ ಮನುಷ್ಯ, ಮತ್ತು ಅತ್ತೆ ಗೋಡೆಗೊರಗಿ ಕೂತವರು, ಹೌದಪ್ಪಾ, ಭಾಳ ಹುಷಾರದಾಳ ಅಕಿ, ಅಂದರು. ಚುಚ್ಚಲಿಲ್ಲ, ಚುಚ್ಚಿದ್ದರೆ ನನಗೂ ಒಂದು ಸಿಟ್ಟು ಸಿಗುತ್ತಿತ್ತು ಹಿಡಿದುಕೊಳ್ಳಲು, ನಿಜವಾಗಿಯೇ ಅಂದರು.

ಬೆರಳು. ಇಲ್ಲ, ಅದು ಬೇಡ, ಈಗ ಬೇಡ, ಸಂಜೆಗೆ ಮೆಂತ್ಯದ ಪಲ್ಯ, ಬೇಳೆ ತೆಳ್ಳಗೆ, ಸ್ನೇಹಲ್‌ಗೆ ಒಂದು ತತ್ತಿ, ತತ್ತಿ ಎರಡು ತರಬೇಕೋ ಒಂದೋ — ಲೋಣಾವಳಾ ಲೋಕಲ್ ರೈಲು ಹೋಯಿತು, ಗಿರಣಿಯ ಸದ್ದಿನ ಕೆಳಗೆ ನೆಲ ನಡುಗಿದ್ದು ಅಂಗಾಲಿಗೆ ತಿಳಿಯಿತು. ಲೋಣಾವಳಾ. ಮಾಧುರಿ ವಹಿನಿಯ ಮನೆಯವರು ಹೋದ ಸೋಮವಾರ ಲೋಣಾವಳಾಕ್ಕೆ ಹೊರಟಿದ್ದರು, ಇವತ್ತು ಪೋಳಿ ಬೇಡ ಎಂದು ಬಾಗಿಲಿನಲ್ಲೇ ತಿರುಗಿ ಕಳಿಸಿದರು, ನಾನು ಹೊತ್ತಿಗೆ ಮೊದಲೇ ಮನೆಗೆ ಬಂದೆ, ಬಾಗಿಲು ಓರೆಯಾಗಿತ್ತು ಅಷ್ಟೇ, ಸಂದಿಯಿಂದ ಕಂಡಿತು. ರೊಟ್ಟಿಯ ಬುಟ್ಟಿಗೆ ಸುತ್ತುವ ಬಟ್ಟೆಯನ್ನು ಅತ್ತೆ ತೊಡೆಯ ಮೇಲೆ ಹಾಸಿಕೊಂಡಿದ್ದರು, ಒಣಗಿದ ಕಟಕ ರೊಟ್ಟಿಯ ಪುಡಿ ಅದರ ಮಡಿಕೆಗಳಲ್ಲಿ ಉಳಿದಿರುತ್ತದಲ್ಲ, ಎಷ್ಟೆಂದರೆ ಎಷ್ಟಿರುತ್ತದೆ, ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು ಬಟ್ಟೆಯ ಮೇಲೆ ಒತ್ತುತ್ತಿದ್ದರು, ಅಂಟಿದ್ದನ್ನು ಬಾಯಿಗೆ, ಮತ್ತೆ ಒದ್ದೆ, ಮತ್ತೆ ಒತ್ತು, ಅವಸರವಿಲ್ಲ, ಕದ್ದು ತಿನ್ನುವವರ ಹಾಗಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ, ಒಂದು ಮಡಿಕೆ ಮುಗಿಸಿ ಇನ್ನೊಂದು ಬಿಚ್ಚುತ್ತಾ. ಬಾಗಿಲು ಕಿರ್ ಅಂದಿತು. ಇರಿವಿ ಮುಕ್ಕುರ್ತಾವ ಅನಸವ್ವಾ, ಅದಕ್ಕ ಅರಿವಿ ಸ್ವಚ್ಛ ಮಾಡ್ಲಾತೀನಿ, ಅಂದರು. ಹೂಂ ರೀ, ಮಾಡ್ರಿ, ಅಂದೆ. ಅಷ್ಟು ಅಂದು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ನಿಂತೆ. ಆಮೇಲೆ, ಇದು ಯಾರಿಗೆ ಗೊತ್ತು, ದೇವರಿಗೆ ಗೊತ್ತು, ಅವರು ನೀರಿನ ಸಾಲಿಗೆ ಕೊಡ ಇಡಲು ಹೋದಾಗ ಬುಟ್ಟಿಯ ಬಟ್ಟೆ ಬಿಚ್ಚಿ ರೊಟ್ಟಿ ಎಣಿಸಿದೆ. ಇದ್ದಷ್ಟೂ ಇದ್ದವು. ಒಂದಾದರೂ ಕಡಿಮೆ ಇದ್ದಿದ್ದರೆ, ಒಂದು ಚೂರು ಮುರಿದಿದ್ದರೆ — ಇಲ್ಲ, ಎಲ್ಲಾ ಇಡಿಯಾಗಿ, ತವೆಯಿಂದ ಇಳಿದಂತೆಯೇ ದುಂಡಗೆ, ಒಂದರ ಮೇಲೊಂದು.

ಹಿಂಜವಡಿಯಲ್ಲಿ ನಾವು ಗಾರೆ ಕೆಲಸಕ್ಕಿದ್ದಾಗ, ಸ್ನೇಹಲ್ ಇನ್ನೂ ಎದೆಹಾಲಿನ ಕೂಸು, ತಗಡಿನ ಶೆಡ್ಡು, ಮೂರು ಕಲ್ಲಿನ ಒಲೆ, ಅತ್ತೆಯೇ ರೊಟ್ಟಿ ಬಡಿಯುತ್ತಿದ್ದರು, ನಾನು ಸಿಮೆಂಟಿನ ಕೈ ತೊಳೆದು ಬಂದು ಕೂತರೆ ತಾಟಿನ ಮೇಲೆ ರೊಟ್ಟಿ ಬೀಳುತ್ತಿತ್ತು, ಇನ್ನೊಂದು, ಇನ್ನೊಂದು, ಸಾಕ್ರಿ ಅತ್ತಿ ನಿಮಗ ಉಳೀಲಿ ಅಂದರೆ, ಕೂಸಿಗಿ ಹಾಲು ಇಳೀಬೇಕು, ಸುಮ್ಮ ಉಣ್ಣು, ಎಣಸಬ್ಯಾಡ, ಅನ್ನುತ್ತಿದ್ದರು. ಅವರು ಏನು ಉಂಡರು ಆಗ, ನಾನು ನೋಡಲಿಲ್ಲ, ಹಸಿದವಳು ತಾಟಿನಿಂದ ತಲೆ ಎತ್ತುವುದಿಲ್ಲ. ಎಣಸಬ್ಯಾಡ. ಇವತ್ತು ಮನೆಗೆ ಹೋದ ಕೂಡಲೇ ಕಿಶೋರನ ಹತ್ತಿರ ಆ ಎರಡು ಕಿಲೋ ತಂದು ಸುರಿದುಬಿಡಬೇಕು, ಹೇಳಿಬಿಡಬೇಕು, ಏನಂತ ಹೇಳುವುದು, ನೀವು ದೇವರ ಹೆಸರಿನಲ್ಲಿ ಉಳಿಸಿದ್ದನ್ನು ನಾನು ಗೊತ್ತಿದ್ದೇ ಇಸಿದುಕೊಂಡೆ ಎಂದೇ, ಅಂದರೆ ಅವರು ಇಲ್ಲ ಇಲ್ಲ ಹರಕಿ ಅಂತಾರೆ, ಖಂಡೋಬಾನನ್ನು ನಡುವೆ ನಿಲ್ಲಿಸುತ್ತಾರೆ, ನಾನೂ ಅವನ ಹಿಂದೆ ನಿಲ್ಲುತ್ತೇನೆ, ಇಬ್ಬರಿಗೂ ಗೊತ್ತಿರುತ್ತದೆ. ಏಕನಾಥ ನನ್ನ ಡಬ್ಬಿ ಎತ್ತಿದ. ಕಾಳು ಗಿರಣಿಯ ಬಾಯಿಗೆ ಸುರಿದ ಸದ್ದು ಎಷ್ಟು ಬೇಗ ನಿಂತಿತು. ಹಿಟ್ಟು ಬೀಳುತ್ತಿದೆ, ಬೆಚ್ಚಗೆ, ಆ ವಾಸನೆ, ಹೊಲದಲ್ಲಿ ಬಿಸಿಲಿಗೆ ಕಾದ ತೆನೆಯ ವಾಸನೆ, ಬಾಯಲ್ಲಿ ನೀರು ಬಂತು, ನನಗೇ ಬರುತ್ತದಲ್ಲ, ಬೆಳಿಗ್ಗೆ ಎರಡು ರೊಟ್ಟಿ ಉಂಡು ಬಂದವಳಿಗೆ. ಬಟ್ಟೆ ತರುವುದು ಮರೆತಿದ್ದೇನೆ, ಬಿಸಿ ಹಿಟ್ಟಿಗೆ ಮುಚ್ಚಳ ಹಾಕುವಂತಿಲ್ಲ, ಬೆವರುತ್ತದೆ, ಸೆರಗಿನಲ್ಲಿ ಮುಚ್ಚಿಕೊಂಡು ಹೋದರಾಯಿತು — ಓಣಿಯ ಆ ಬದಿಯಲ್ಲಿ ಯಾರೋ ಗೋಡೆ ಹಿಡಿದು ಬರುತ್ತಿದ್ದಾರೆ, ನಿಲ್ಲುತ್ತಾರೆ, ಬರುತ್ತಾರೆ, ರಿಕ್ಷಾವೊಂದು ದಾಟಲಿ ಎಂದು ನಿಂತರು, ಹಸಿರು ಇಲಕಲ್ ಸೀರೆ, ಕೈಯಲ್ಲಿ ಬಟ್ಟೆ, ಬುಟ್ಟಿಯ ಬಟ್ಟೆ, ಬ್ಯಾಡ್ರಿ, ಬರಬ್ಯಾಡ್ರಿ ಅತ್ತಿ, ಇವತ್ತೊಂದು ದಿನ ಬರಬೇಡಿ, ಕಾಲು ನೋಯುತ್ತದಲ್ಲ ನಿಮಗೆ.

ಮೆಟ್ಟಿಲು ಹತ್ತಿದರು. ಏಕನಾಥ ಗಿರಣಿ ಬಂದ್ ಮಾಡಿದ, ಸದ್ದೆಲ್ಲ ಒಮ್ಮೆಗೇ ಹೋಯಿತು, ಕಿವಿ ಬೆತ್ತಲಾದ ಹಾಗೆ. ಅರೇ ಆಜೀ, ಅಂದ ಅವನು, ನಗುತ್ತಾ, ಊರಿಂದ ಯಾವಾಗ ಬಂದಿರಿ, ನೀವು ಊರಿಗೆ ಹೋಗಿದ್ದೀರಿ ಅಂತ ವಹಿನಿ ಈಗಷ್ಟೇ ಹೇಳಿದರು. ಅತ್ತೆ ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಡಬ್ಬಿಯೊಳಗಿನ ಹಿಟ್ಟನ್ನು, ಅದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು. ಒಂದು ಉಸಿರಿನಷ್ಟು ಹೊತ್ತು. ನಾನು ನೆಲ ನೋಡುತ್ತಿದ್ದೆ, ಆದರೂ ಅವರು ಏನೇನು ನೋಡಿದರು ಎಂದು ನನಗೆ ಗೊತ್ತಾಗುತ್ತಿತ್ತು. ಹೋ ಬಾಬಾ, ಆತ್ತಾಚ ಆಲೇ, ಅಂದರು, ಈಗಷ್ಟೇ ಬಂದೆನಪ್ಪಾ, ಸ್ವಾರಗೇಟಿಗೆ ಬಸ್ಸು ಇಳಿದು ರಿಕ್ಷಾ ಮಾಡಿಕೊಂಡು ಬಂದೆ, ಇಕಿಗಿ ಇನ್ನೂ ಗೊತ್ತೇ ಇರಲಿಲ್ಲ. ಊರಿಂದ ಏನು ತಂದಿರಿ ನಮಗೆ, ಎಂದು ಅವನು ಚೇಷ್ಟೆ ಮಾಡಿದ. ಜ್ವಾರೀ ಆಣಲೀಯ, ಅಂದರು, ಜೋಳ ತಂದಿದ್ದೇನೆ, ನಮ್ಮ ಹೊಲದ ಮಾಲದಂಡಿ, ಚೀಲ ಮನೆಯಲ್ಲಿ ಇಳಿಸಿ ಬಂದಿದ್ದೇನೆ, ಅದಕ್ಕೇ ಈ ಸಲ ನಮ್ಮ ಸೊಸೆ ಕಡಿಮೆ ಬೀಸಿಸಿದಳು, ಮುಂದಿನ ಸಲ ನೋಡು, ನಿನ್ನ ತಕ್ಕಡಿ ಸಾಲುವುದಿಲ್ಲ. ಹೊಲ ಎಲ್ಲಿದೆ ನಮಗೆ, ಮಾವ ತೀರಿಕೊಂಡ ವರ್ಷವೇ ಮಾರಿದ್ದಲ್ಲವೇ. ಎಷ್ಟು ಸಲೀಸಾಗಿ ಆಡಿದರು, ನಾನು ಆಡಿದ ಎರಡು ಶಬ್ದಕ್ಕೆ ತಲೆ, ಕೈ, ಕಾಲು ಎಲ್ಲ ಹಚ್ಚಿ, ಇಡೀ ಒಂದು ಚೀಲ ಜೋಳ ಹಚ್ಚಿ, ಮೈತುಂಬ ಸೀರೆ ಉಡಿಸಿ ನನ್ನ ಸುಳ್ಳನ್ನು ನನಗೆ ತಿರುಗಿ ಕೊಟ್ಟರು. ಏಕನಾಥ ಬ್ರಷ್ಷಿನಿಂದ ಗಿರಣಿಯ ಬಾಯಿ ಗುಡಿಸಿ ಉಳಿದ ಹಿಟ್ಟನ್ನು ಡಬ್ಬಿಗೆ ಉದುರಿಸಿದ. ನಾನು ಬಾಯಿ ತೆರೆದೆ, ಅತ್ತಿ, ಹೋದ ಕೂಡ್ಲೆ ಬಿಸಿ ರೊಟ್ಟಿ ಬಡೀತೀನಿ, ಉಣ್ರಿ, ಅಂದೆ, ಹೊಟ್ಟಿ ತುಂಬ ಉಣ್ರಿ ಅಂದೆನೋ ಇಲ್ಲವೋ. ಅವರು ಬುಟ್ಟಿಯ ಬಟ್ಟೆ ಝಾಡಿಸುತ್ತಿದ್ದರು, ಝಾಡಿಸಿದರೆ ಅದರಿಂದ ಏನೂ ಬೀಳಲಿಲ್ಲ. ಇವತ್ತ ಶನಿವಾರ ಅಲ್ಲೇನವ್ವಾ, ಅಂದರು, ಮೆಲ್ಲಗೆ, ಮರೆತವಳಿಗೆ ನೆನಪು ಮಾಡಿಕೊಡುವ ಹಾಗೆ.

ಡಬ್ಬಿಯ ಮೇಲೆ ಬಗ್ಗಿದ್ದಾರೆ. ಅಂಚಿನ ಮೇಲೆ ಒಂದಿಷ್ಟು ಹಿಟ್ಟು ಚೆಲ್ಲಿದೆ, ಏಕನಾಥನ ಬ್ರಷ್ಷು ಬಿಟ್ಟದ್ದು, ಊದಿದರೆ ಹೋಗುವಷ್ಟು. ಬಟ್ಟೆ ಮುಚ್ಚಬೇಕು, ಮುಚ್ಚುತ್ತಿಲ್ಲ. ಸಣ್ಣಗ ಬಿದ್ದದೇನು ನೋಡ್ತೀನಿ ತಡಿ, ಅನ್ನುತ್ತಿದ್ದಾರೆ, ಬೀಸಿದ ಹಿಟ್ಟು ಎಲ್ಲರೂ ಮುಟ್ಟಿ ನೋಡುತ್ತಾರೆ, ನಾನೂ ನೋಡುತ್ತೇನೆ, ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಾರೆ, ಒಣ ಬೆರಳಿನಿಂದ, ಒಣ ಬೆರಳಿನಿಂದಲೇ ನೋಡುವುದು ಅದು — ಬೆರಳು ನಾಲಿಗೆಗೆ ಹೋಯಿತು, ಒದ್ದೆಯಾಗಿ ಹೊರಗೆ ಬಂತು, ಅಂಚಿನ ಮೇಲೆ ಒತ್ತಿತು, ಅವಸರವಿಲ್ಲ, ಅಂಚಿನ ಮೇಲೇ ಮೆಲ್ಲಗೆ ಮುಂದಕ್ಕೆ, ಅದು ಹೋದಲ್ಲೆಲ್ಲ ತಗಡು ಹೊಳೆಯುತ್ತಾ, ತುದಿಗೆ ಬಿಳಿ, ಒದ್ದೆ ಬೆರಳು, ತುದಿಗೆ ಬಿಳಿ, ಒದ್ದೆ ಬೆರಳು